ಹನ್ನೊಂದರ ಹುಡುಗಿ ಬರೆದ ಪುಸ್ತಕ

ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ಇಂಗ್ಲೆಂಡಿನ ರಾಣಿ ಒಂದನೆಯ ಎಲಿಜಬೆತ್ ಒಂದೇ ಒಂದು ವಾಕ್ಯದಲ್ಲಿ ಬಂದು ಹೋಗುತ್ತಾಳೆ. 1600ನೆಯ ಇಸವಿ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಪೂರ್ವದೇಶಗಳೊಡನೆ ವ್ಯಾಪಾರ ಮಾಡುವ ಸನ್ನದು ಕೊಟ್ಟವಳು ಎಂದು ನಾವೆಲ್ಲ ಓದಿದ್ದೇವೆ, ಬರೆದಿದ್ದೇವೆ, ಒಂದು ಅಂಕ ಪಡೆದಿದ್ದೇವೆ. ಆಗ ಆಕೆಗೆ 67 ವರ್ಷ. ಅದಕ್ಕೆ ಸರಿಯಾಗಿ 56 ವರ್ಷ ಮೊದಲು, 1544ರ ಡಿಸೆಂಬರ್ 31ರಂದು, ಅದೇ ಕೈ ಇನ್ನೊಂದು ಬರಹವನ್ನು ಮುಗಿಸಿ ದಿನಾಂಕ ಹಾಕಿತ್ತು. ಆಗ ಅವಳು ರಾಣಿಯಲ್ಲ, ಹನ್ನೊಂದು ವರ್ಷದ ಹುಡುಗಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇನ್ನೂ ಪ್ರೌಢಶಾಲೆಯ ಮೆಟ್ಟಿಲು ಹತ್ತದ ವಯಸ್ಸು. ಆ ಬರಹ ಒಂದು ಪುಟ್ಟ ಪುಸ್ತಕ. ಅದು ಇಂದಿಗೂ ಉಳಿದಿದೆ. ಅದನ್ನು ಮುಂದಿಟ್ಟುಕೊಂಡು ಆಕೆಯ ಬದುಕನ್ನು ನೋಡಿದರೆ ಕಿರೀಟ ತೊಟ್ಟ ರಾಣಿಯ ಹಿಂದೆ ಇದ್ದ ವಿದ್ಯಾರ್ಥಿನಿ ಕಾಣಿಸುತ್ತಾಳೆ. ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಆ ವಿದ್ಯಾರ್ಥಿನಿಯನ್ನು ಪರಿಚಯಿಸುವುದು ಉಚಿತವೆಂದು ಭಾವಿಸಿ ಈ ಲೇಖನ ಬರೆದಿದ್ದೇನೆ.

ಈ ಪುಸ್ತಕ ಈಗ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಉದ್ದ ಸುಮಾರು 7 ಇಂಚು, ಅಗಲ ಸುಮಾರು 5 ಇಂಚು. ನಮ್ಮ ಮಕ್ಕಳು ಬಳಸುವ ನೋಟ್‌ಬುಕ್ಕಿಗಿಂತಲೂ ಚಿಕ್ಕದು. ಮೇಲೆ ನೀಲಿ ಹೊದಿಕೆ. ಆ ನೀಲಿಯ ತುಂಬ ಚಿನ್ನ ಬೆಳ್ಳಿಯ ಎಳೆಗಳ ಕಸೂತಿ. ರಂಗೋಲಿಯ ಗೆರೆ ಒಂದರೊಳಗೊಂದು ಹೊಕ್ಕು ಹೊರಬರುವಂತೆ ಈ ಎಳೆಗಳೂ ಹೆಣೆದುಕೊಂಡಿವೆ. ನಡುವೆ ಕ್ಯಾಥರೀನ್ ಪಾರ್ ಎಂಬ ಹೆಸರಿನ ಎರಡು ಮೊದಲಕ್ಷರಗಳು. ನಾಲ್ಕು ಮೂಲೆಗಳಲ್ಲಿ ನಾಲ್ಕು ಪ್ಯಾನ್ಸಿ ಹೂಗಳು. ಆ ಹೂವಿನ ಹೆಸರು ಫ್ರೆಂಚ್ ಭಾಷೆಯಲ್ಲಿ ಚಿಂತನೆ ಎಂಬ ಅರ್ಥವನ್ನೂ ಕೊಡುತ್ತದೆ. ಒಳಗಿನ ಬರಹ ಮಾತ್ರವಲ್ಲ, ಈ ಕಸೂತಿಯೂ ಹುಡುಗಿಯದೇ ಕೈಕೆಲಸವೆಂಬುದು ತಲೆತಲಾಂತರದಿಂದ ಬಂದ ನಂಬಿಕೆ.

ಕ್ಯಾಥರೀನ್ ಪಾರ್ ಎಂದರೆ ಯಾರು? ಅವಳಿಗೆ ಈ ಹುಡುಗಿ ಯಾಕೆ ಇಷ್ಟು ಶ್ರಮಪಟ್ಟು ಪುಸ್ತಕ ಮಾಡಿಕೊಟ್ಟಳು? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಲಿಜಬೆತ್ ಹುಟ್ಟಿದ್ದು 1533ರ ಸೆಪ್ಟೆಂಬರ್ 7ರಂದು, ಲಂಡನ್ನಿನ ಬಳಿಯ ಗ್ರೀನ್‌ವಿಚ್ ಅರಮನೆಯಲ್ಲಿ. ತಂದೆ ಎಂಟನೆಯ ಹೆನ್ರಿ, ತಾಯಿ ಆ್ಯನ್ ಬೊಲಿನ್. ಹೆನ್ರಿಗೆ ಮೊದಲ ಹೆಂಡತಿಯಲ್ಲಿ ಮೇರಿ ಎಂಬ ಮಗಳಿದ್ದಳು. ಸಿಂಹಾಸನಕ್ಕೆ ಗಂಡುಮಗು ಬೇಕೆಂಬ ಹಟದಲ್ಲಿ ಅವನು ಆ ಹೆಂಡತಿಯನ್ನು ಬಿಟ್ಟು, ರೋಮಿನ ಪೋಪರ ಅಧಿಕಾರವನ್ನೂ ಧಿಕ್ಕರಿಸಿ, ಆ್ಯನ್ ಬೊಲಿನ್‌ಳನ್ನು ಮದುವೆಯಾದ. ಹುಟ್ಟಿದ್ದು ಮತ್ತೆ ಹೆಣ್ಣು. ಮೂರು ವರ್ಷ ತುಂಬುವುದರೊಳಗೆ ಎಲ್ಲವೂ ತಲೆಕೆಳಗಾಯಿತು. ವ್ಯಭಿಚಾರ ಮತ್ತು ರಾಜದ್ರೋಹದ ಆರೋಪ ಹೊರಿಸಿ 1536ರ ಮೇ 19ರಂದು ಆ್ಯನ್ ಬೊಲಿನ್‌ಳ ತಲೆಯನ್ನು ಲಂಡನ್ ಗೋಪುರದ ಕೋಟೆಯೊಳಗೆ ಕಡಿಯಲಾಯಿತು. ಮಗಳಿಗೆ ಆಗ ಎರಡು ವರ್ಷ ಎಂಟು ತಿಂಗಳು. ಅದೇ ವರ್ಷ ಕಾನೂನು ಮಾಡಿ ಅವಳನ್ನು ಅಕ್ರಮ ಸಂತಾನವೆಂದು ಘೋಷಿಸಿದರು. ರಾಜಕುಮಾರಿ ಎಂಬ ಬಿರುದು ಹೋಯಿತು. ಅವಳನ್ನು ನೋಡಿಕೊಳ್ಳುತ್ತಿದ್ದ ಮಾರ್ಗರೆಟ್ ಬ್ರಯನ್ ಎಂಬ ಹಿರಿಯ ಹೆಂಗಸು ಮಂತ್ರಿ ಕ್ರಾಮ್‌ವೆಲ್‌ಗೆ ಪತ್ರ ಬರೆದು, ಮಗುವಿಗೆ ಇದ್ದ ಬಟ್ಟೆಯೆಲ್ಲ ಚಿಕ್ಕದಾಗಿದೆ, ತೊಡಿಸಲು ಲಂಗವಿಲ್ಲ, ಒಳಉಡುಪಿಲ್ಲ, ದಯವಿಟ್ಟು ಕಳಿಸಿಕೊಡಿ ಎಂದು ಬೇಡಿಕೊಳ್ಳಬೇಕಾಯಿತು. ರಾಜನ ಮಗಳ ಸ್ಥಿತಿ ಹೀಗಿತ್ತು.

ಮುಂದಿನ ವರ್ಷಗಳಲ್ಲಿ ಮಲತಾಯಂದಿರು ಒಬ್ಬರ ಹಿಂದೊಬ್ಬರು ಬಂದರು. ಜೇನ್ ಸೀಮೋರ್ 1537ರಲ್ಲಿ ಎಡ್ವರ್ಡ್ ಎಂಬ ಗಂಡುಮಗುವನ್ನು ಹೆತ್ತು ಹನ್ನೆರಡು ದಿನಗಳಲ್ಲಿ ತೀರಿಕೊಂಡಳು. ಕ್ಲೀವ್ಸ್‌ನ ಆ್ಯನ್‌ಳ ಮದುವೆ ಕೆಲವೇ ತಿಂಗಳಲ್ಲಿ ರದ್ದಾಯಿತು. ಕ್ಯಾಥರೀನ್ ಹೊವಾರ್ಡ್‌ಳ ತಲೆಯನ್ನು 1542ರಲ್ಲಿ ಕಡಿಸಲಾಯಿತು. ಎಂಟು ವರ್ಷದ ಹುಡುಗಿ ಎಲಿಜಬೆತ್‌ಗೆ ಆಗ ಎಲ್ಲವೂ ತಿಳಿಯುವ ವಯಸ್ಸು. ಅರಮನೆಯಲ್ಲಿ ಒಂದು ಮಾತಿಗೆ, ಒಂದು ಗುಮಾನಿಗೆ ತಲೆ ಹೋಗಬಹುದು ಎಂಬುದನ್ನು ಅವಳು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1543ರ ಜುಲೈ 12ರಂದು ಹೆನ್ರಿ ಆರನೆಯ ಮತ್ತು ಕೊನೆಯ ಸಲ ಮದುವೆಯಾದ. ಆ ರಾಣಿಯೇ ಕ್ಯಾಥರೀನ್ ಪಾರ್. ಮೂವತ್ತರ ಆಚೀಚಿನ ವಯಸ್ಸು, ಎರಡು ಸಲ ವಿಧವೆಯಾಗಿದ್ದ ಹೆಂಗಸು, ಓದುಬರಹದಲ್ಲಿ ಅಪಾರ ಆಸಕ್ತಿ. ಬೇರೆ ಬೇರೆ ತಾಯಂದಿರ ಮೂವರು ಮಕ್ಕಳನ್ನೂ ಪ್ರೀತಿಯಿಂದ ಹತ್ತಿರ ಕರೆದುಕೊಂಡವಳು ಇವಳು. 1544ರ ವಸಂತದಲ್ಲಿ ಹೊಸ ಕಾನೂನು ಬಂದು, ಎಡ್ವರ್ಡ್ ಮತ್ತು ಮೇರಿಯ ನಂತರ ಮೂರನೆಯವಳಾಗಿ ಎಲಿಜಬೆತ್‌ಗೂ ಸಿಂಹಾಸನದ ಸರದಿಯಲ್ಲಿ ಜಾಗ ಸಿಕ್ಕಿತು. ಅಕ್ರಮ ಸಂತಾನವೆಂಬ ಕಳಂಕವನ್ನು ಮಾತ್ರ ಅಳಿಸಲಿಲ್ಲ. ಅದೇ ಬೇಸಿಗೆಯಲ್ಲಿ ಹೆನ್ರಿ ಫ್ರಾನ್ಸಿನ ಮೇಲೆ ಯುದ್ಧಕ್ಕೆ ಹೋದಾಗ ರಾಜ್ಯದ ಆಡಳಿತವನ್ನು ಕ್ಯಾಥರೀನ್ ಪಾರ್‌ಳ ಕೈಗೆ ಒಪ್ಪಿಸಿ ಹೋದ. ಒಬ್ಬ ಹೆಂಗಸು ಆಸ್ಥಾನದ ಹಿರಿಯರನ್ನು ಕೂರಿಸಿಕೊಂಡು ಆಜ್ಞೆ ಹೊರಡಿಸುವುದು, ಪತ್ರಗಳಿಗೆ ಸಹಿ ಹಾಕುವುದು ಎಲಿಜಬೆತ್‌ಳ ಕಾಲದಲ್ಲೇ ಹೀಗೆ ನಡೆಯಿತು. ಆ ಜುಲೈ ಕೊನೆಯಲ್ಲಿ ಅವಳು ಮಲತಾಯಿಗೆ ಒಂದು ಪತ್ರ ಬರೆದಳು, ಅದೂ ಇಟಾಲಿಯನ್ ಭಾಷೆಯಲ್ಲಿ. ಆ ವರ್ಷದ ಕೊನೆಗೆ ಬಂದದ್ದೇ ಈ ಪುಸ್ತಕ. ಹೊಸವರ್ಷದ ದಿನ ಒಬ್ಬರಿಗೊಬ್ಬರು ಉಡುಗೊರೆ ಕೊಡುವುದು ಅರಮನೆಯ ವಾಡಿಕೆ. ಚಿನ್ನದ ಪಾತ್ರೆ, ಒಡವೆ, ರೇಷ್ಮೆ ಕೊಡುವವರ ನಡುವೆ ಈ ಹುಡುಗಿ ತನ್ನ ಓದನ್ನೇ ಉಡುಗೊರೆಯಾಗಿ ಕೊಟ್ಟಳು.

ಪುಸ್ತಕದಲ್ಲಿರುವುದು ಒಂದು ಅನುವಾದ. ಮೂಲ, ಫ್ರಾನ್ಸಿನ ದೊರೆಯ ಅಕ್ಕ, ನವಾರ್ ರಾಣಿ ಮಾರ್ಗರೀತ್ ಫ್ರೆಂಚ್ ಭಾಷೆಯಲ್ಲಿ ಬರೆದ ಪಾಪಿ ಆತ್ಮದ ಕನ್ನಡಿ ಎಂಬ ದೀರ್ಘ ಭಕ್ತಿಕಾವ್ಯ. ಅದು 1531ರಲ್ಲಿ ಅಚ್ಚಾಯಿತು. ಎಲಿಜಬೆತ್ ಹುಟ್ಟಿದ 1533ರಲ್ಲಿ ಪ್ಯಾರಿಸ್ಸಿನ ಧರ್ಮಪಂಡಿತರು ಅದನ್ನು ಖಂಡಿಸಿದ್ದರು. ಹನ್ನೊಂದರ ಹುಡುಗಿ ಆ ಫ್ರೆಂಚ್ ಪದ್ಯವನ್ನು ಇಂಗ್ಲಿಷ್ ಗದ್ಯಕ್ಕೆ ತಂದಳು. ಮೊದಲಲ್ಲಿ ಕ್ಯಾಥರೀನ್‌ಗೆ ಒಂದು ಅರ್ಪಣೆಯ ಪತ್ರವಿದೆ. ಅದನ್ನು ಬರೆದ ಸ್ಥಳ ಆಶ್‌ರಿಜ್ ಎಂಬ ಊರಿನ ಮನೆ ಎಂದೂ, ದಿನ ವರ್ಷದ ಕೊನೆಯ ದಿನವೆಂದೂ ನಮೂದಾಗಿದೆ.

ಆ ಪತ್ರದಲ್ಲಿ ಎರಡು ಸಂಗತಿಗಳು ಗಮನ ಸೆಳೆಯುತ್ತವೆ. ಒಂದು, ಅವಳು ಕೊಡುವ ಹೋಲಿಕೆ. ಕಬ್ಬಿಣದ ಉಪಕರಣವನ್ನು ಬಳಸದೆ ಬಿಟ್ಟರೆ ತುಕ್ಕು ಹಿಡಿಯುವಂತೆ, ಗಂಡಸಿನದಾಗಲಿ ಹೆಂಗಸಿನದಾಗಲಿ ಬುದ್ಧಿಗೆ ಸದಾ ಕೆಲಸವಿಲ್ಲದಿದ್ದರೆ ಅದು ಮೊಂಡಾಗುತ್ತದೆ ಎಂಬುದು ಅವಳ ಮಾತಿನ ಸಾರ. ಗಂಡು ಹೆಣ್ಣು ಎರಡನ್ನೂ ಆ ವಾಕ್ಯದಲ್ಲಿ ಸೇರಿಸಿದ್ದನ್ನು ಗಮನಿಸಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಲ್ಯಾಟಿನ್ ಕಲಿಸುವ ಗ್ರಾಮರ್ ಶಾಲೆಗಳಿದ್ದದ್ದು ಗಂಡುಮಕ್ಕಳಿಗೆ. ವಿಶ್ವವಿದ್ಯಾಲಯಗಳಿಗಂತೂ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಎರಡನೆಯದು, ತಿದ್ದಿಕೊಡಬೇಕೆಂಬ ಕೋರಿಕೆ. ನನ್ನ ಕೆಲಸ ಒರಟಾಗಿದೆ, ತಪ್ಪುಗಳಿವೆ, ಅಳಿಸಬೇಕಾದ್ದನ್ನು ಅಳಿಸಿ ಮಾತುಗಳನ್ನು ಒಪ್ಪ ಮಾಡಿ, ಅಲ್ಲಿಯವರೆಗೆ ಬೇರೆ ಯಾರೂ ಇದನ್ನು ನೋಡದಿರಲಿ ಎಂದು ಅವಳು ಕೇಳಿಕೊಳ್ಳುತ್ತಾಳೆ. ದೊಡ್ಡವರಿಗೆ ಪುಸ್ತಕ ಅರ್ಪಿಸುವಾಗ ಇಂಥ ವಿನಯದ ಮಾತು ಬರೆಯುವುದು ಅಂದಿನ ಪದ್ಧತಿ, ನಿಜ. ಆದರೆ ತಾಯಿಯಿಲ್ಲದ ಹುಡುಗಿಯೊಬ್ಬಳು ತಪ್ಪು ತಿದ್ದುವ ಸಲುಗೆಯನ್ನು ಒಬ್ಬ ಹೆಂಗಸಿಗೆ ಕೊಡುತ್ತಿದ್ದಾಳೆ ಎಂದು ನೆನೆದರೆ ಆ ಪದ್ಧತಿಯ ಮಾತಿನೊಳಗೂ ಒಂದು ಬೇಡಿಕೆ ಕೇಳಿಸುತ್ತದೆ. ನನ್ನ ತಪ್ಪನ್ನು ತಿದ್ದುವಷ್ಟು ನನ್ನವಳಾಗು ಎಂಬ ಬೇಡಿಕೆ ಅದು.

ಕಾವ್ಯದ ಒಳಗೂ ಒಂದು ಸಂಗತಿ ಇದೆ. ಅಲ್ಲಿ ಭಕ್ತೆಯ ಆತ್ಮ ತಾನು ದೇವರಿಗೆ ಮಗಳು, ತಾಯಿ, ತಂಗಿ, ಹೆಂಡತಿ ಎಂದು ಹೇಳಿಕೊಳ್ಳುತ್ತದೆ. ಪ್ರತಿಯೊಂದು ಸಂಬಂಧದಲ್ಲೂ ತಾನು ತಪ್ಪಿದ್ದನ್ನು ಒಪ್ಪಿಕೊಂಡು ದೇವರ ಕ್ಷಮೆಯನ್ನು ಕೊಂಡಾಡುತ್ತದೆ. ಹೆಂಡತಿಯ ಭಾಗದಲ್ಲಿ ಲೋಕದ ಗಂಡಂದಿರ ಮಾತು ಬರುತ್ತದೆ. ತಪ್ಪಿದ ಹೆಂಡತಿಗೆ ನ್ಯಾಯಾಧೀಶರಿಂದ ಮರಣದಂಡನೆ ಕೊಡಿಸಿ ಸೇಡು ತೀರಿಸಿಕೊಂಡವರು ಎಷ್ಟೋ ಜನ, ದೇವರು ಮಾತ್ರ ಹಾಗಲ್ಲ ಎಂಬ ಅರ್ಥದ ಸಾಲುಗಳು ಅಲ್ಲಿವೆ. ಆ ಸಾಲುಗಳನ್ನು ಹನ್ನೊಂದು ವರ್ಷದ ಎಲಿಜಬೆತ್ ಒಂದೊಂದೇ ಪದವಾಗಿ ಇಂಗ್ಲಿಷಿಗೆ ತಂದಳು. ಅವಳ ತಾಯಿಯನ್ನು ಅದೇ ಬಗೆಯಲ್ಲಿ ಕೊಲ್ಲಿಸಿದ ತಂದೆ ಸಿಂಹಾಸನದ ಮೇಲಿದ್ದ. ಪುಸ್ತಕ ಹೋಗುವುದು ಅವನ ಈಗಿನ ಹೆಂಡತಿಯ ಕೈಗೆ. ಹುಡುಗಿ ಆ ಭಾಗವನ್ನು ಬಿಟ್ಟುಬಿಡಲಿಲ್ಲ, ತನ್ನದೊಂದು ಟಿಪ್ಪಣಿಯನ್ನೂ ಸೇರಿಸಲಿಲ್ಲ. ಮೂಲದಲ್ಲಿ ಇದ್ದುದನ್ನು ಇದ್ದಂತೆ ಬರೆದಳು. ಎಲಿಜಬೆತ್ ಮುಂದೆ ರಾಣಿಯಾದ ಮೇಲೂ ತಾಯಿಯ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದು ತೀರ ಅಪರೂಪ. ಮನಸ್ಸಿನಲ್ಲಿದ್ದುದನ್ನು ಆಡದೆ, ಆಡಬೇಕಾದ್ದನ್ನು ಬೇರೆಯವರ ಮಾತಿನಲ್ಲಿ ಆಡುವ ಕಲೆ ಅವಳಿಗೆ ಅಷ್ಟು ಚಿಕ್ಕಂದಿನಲ್ಲೇ ಬಂದಿತ್ತು.

ಮರುವರ್ಷ, 1545ರ ಕೊನೆಯಲ್ಲಿ, ಅವಳು ತಂದೆಗೂ ಒಂದು ಪುಸ್ತಕ ಮಾಡಿಕೊಟ್ಟಳು. ಕ್ಯಾಥರೀನ್ ಪಾರ್ ಅದೇ ವರ್ಷ ತನ್ನ ಪ್ರಾರ್ಥನೆಗಳ ಪುಸ್ತಕವೊಂದನ್ನು ಸ್ವಂತ ಹೆಸರಿನಲ್ಲಿ ಅಚ್ಚು ಮಾಡಿಸಿದ್ದಳು. ಇಂಗ್ಲೆಂಡಿನ ರಾಣಿಯೊಬ್ಬಳು ತನ್ನ ಹೆಸರು ಹಾಕಿ ಪುಸ್ತಕ ಪ್ರಕಟಿಸಿದ್ದು ಅದೇ ಮೊದಲು. ಎಲಿಜಬೆತ್ ಅದನ್ನು ಲ್ಯಾಟಿನ್, ಫ್ರೆಂಚ್, ಇಟಾಲಿಯನ್ ಮೂರೂ ಭಾಷೆಗಳಿಗೆ ಅನುವಾದಿಸಿ ಹೆನ್ರಿಗೆ ಅರ್ಪಿಸಿದಳು. ಆ ಪುಸ್ತಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ಇಡದ ತಂದೆಯ ಮುಂದೆ ಹನ್ನೆರಡರ ಮಗಳು ತಾನು ಕಲಿತದ್ದನ್ನು ಮೂರು ಭಾಷೆಗಳಲ್ಲಿ ತೋರಿಸಿದಳು.

ಈ ವಿದ್ಯೆ ಸುಮ್ಮನೆ ಬಂದದ್ದಲ್ಲ. ಮೊದಲ ಪಾಠಗಳನ್ನು ಕ್ಯಾಟ್ ಆ್ಯಶ್ಲಿ ಎಂಬ ಪೋಷಕಿ ಹೇಳಿಕೊಟ್ಟಳು. 1544ರಿಂದ ವಿಲಿಯಂ ಗ್ರಿಂಡಲ್ ಎಂಬ ಯುವ ಪಂಡಿತ ಲ್ಯಾಟಿನ್ ಮತ್ತು ಗ್ರೀಕ್ ಕಲಿಸಿದ. 1548ರ ಆರಂಭದಲ್ಲಿ ಅವನು ಪ್ಲೇಗಿಗೆ ಬಲಿಯಾದ ಮೇಲೆ ಅವನ ಗುರು ರೋಜರ್ ಆಸ್ಕಮ್ ಬಂದ. ಆಸ್ಕಮ್‌ನ ಬೋಧನಾ ಕ್ರಮ ಇಂದಿನ ಭಾಷಾ ಶಿಕ್ಷಕರಿಗೂ ಉಪಯುಕ್ತ. ವಿದ್ಯಾರ್ಥಿ ಸಿಸೆರೊವಿನ ಒಂದು ಲ್ಯಾಟಿನ್ ಭಾಗವನ್ನು ಇಂಗ್ಲಿಷಿಗೆ ಅನುವಾದಿಸಬೇಕು. ಮೂಲವನ್ನು ಮುಚ್ಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ತನ್ನ ಇಂಗ್ಲಿಷನ್ನೇ ನೋಡಿಕೊಂಡು ಮತ್ತೆ ಲ್ಯಾಟಿನ್ನಿಗೆ ತರಬೇಕು. ಆಮೇಲೆ ಗುರು ಶಿಷ್ಯರಿಬ್ಬರೂ ಕುಳಿತು ಮೂಲದೊಡನೆ ಹೋಲಿಸಿ ನೋಡಬೇಕು. ತಪ್ಪಿಗೆ ಹೊಡೆತವಿಲ್ಲ, ಬೈಗುಳವಿಲ್ಲ. ಬೆಳಗ್ಗೆ ಗ್ರೀಕ್, ಮಧ್ಯಾಹ್ನ ಲ್ಯಾಟಿನ್, ಹೀಗೆ ಎರಡು ವರ್ಷ ನಡೆಯಿತು. ಹದಿನಾರರ ಎಲಿಜಬೆತ್ ಫ್ರೆಂಚ್ ಇಟಾಲಿಯನ್‌ಗಳನ್ನು ಇಂಗ್ಲಿಷಿನಷ್ಟೇ ಸರಾಗವಾಗಿ ಮಾತನಾಡುತ್ತಾಳೆ, ಲ್ಯಾಟಿನ್ ಚೆನ್ನಾಗಿ ಬಲ್ಲಳು, ಗ್ರೀಕನ್ನೂ ತಕ್ಕಮಟ್ಟಿಗೆ ಆಡಬಲ್ಲಳು, ಅವಳ ಕೈಬರಹ ಬಹಳ ಅಂದ ಎಂದು ಆಸ್ಕಮ್ ತನ್ನ ವಿದ್ವಾಂಸ ಗೆಳೆಯನಿಗೆ ಬರೆದು ತಿಳಿಸಿದ.

ಆದರೆ ಪಾಠದ ಕೋಣೆಯ ಹೊರಗೆ ಬಿರುಗಾಳಿ ಎದ್ದಿತ್ತು. 1547ರ ಜನವರಿಯಲ್ಲಿ ಹೆನ್ರಿ ತೀರಿಕೊಂಡ. ಒಂಬತ್ತು ವರ್ಷದ ಎಡ್ವರ್ಡ್ ದೊರೆಯಾದ. ಕ್ಯಾಥರೀನ್ ಪಾರ್ ಕೆಲವೇ ತಿಂಗಳಲ್ಲಿ ಥಾಮಸ್ ಸೀಮೋರ್ ಎಂಬ ಮಹತ್ವಾಕಾಂಕ್ಷಿಯನ್ನು ಮದುವೆಯಾದಳು. ಎಲಿಜಬೆತ್ ಅವರ ಮನೆಯಲ್ಲೇ ಇದ್ದಳು. ಮನೆಯ ಯಜಮಾನ ಆ ಹುಡುಗಿಯೊಡನೆ ಹದ್ದುಮೀರಿ ವರ್ತಿಸತೊಡಗಿದ. ಸಂಗತಿ ಬೆಳೆದು, 1548ರ ವಸಂತದಲ್ಲಿ ಎಲಿಜಬೆತ್‌ಳನ್ನು ಬೇರೆ ಮನೆಗೆ ಕಳಿಸಬೇಕಾಯಿತು. ಅದೇ ಸೆಪ್ಟೆಂಬರ್ 5ರಂದು ಕ್ಯಾಥರೀನ್ ಪಾರ್ ಹೆಣ್ಣುಮಗುವೊಂದನ್ನು ಹೆತ್ತು ಬಾಣಂತಿತನದಲ್ಲೇ ತೀರಿಕೊಂಡಳು. ತಾಯಿಯ ಸ್ಥಾನದಲ್ಲಿದ್ದ ಹೆಂಗಸನ್ನು ಎಲಿಜಬೆತ್ ಹೀಗೆ ಎರಡು ಬಗೆಯಲ್ಲಿ ಕಳೆದುಕೊಂಡಳು. ಅದೇ ವರ್ಷ, ಯಾರೂ ನೋಡದಿರಲಿ ಎಂದು ಅವಳು ಕೇಳಿಕೊಂಡಿದ್ದ ಅನುವಾದವನ್ನು ಜಾನ್ ಬೇಲ್ ಎಂಬ ಧರ್ಮಸುಧಾರಕ ಇಂಗ್ಲೆಂಡಿನ ಹೊರಗೆ ಅಚ್ಚು ಹಾಕಿಸಿದ.

1549ರ ಜನವರಿಯಲ್ಲಿ ಸೀಮೋರ್ ರಾಜದ್ರೋಹದ ಆರೋಪದ ಮೇಲೆ ಬಂಧನಕ್ಕೊಳಗಾದ. ಎಲಿಜಬೆತ್‌ಳನ್ನು ಮದುವೆಯಾಗಲು ಗುಟ್ಟಾಗಿ ಯತ್ನಿಸಿದ ಎಂಬುದೂ ಆರೋಪಗಳಲ್ಲಿ ಒಂದು. ಕ್ಯಾಟ್ ಆ್ಯಶ್ಲಿಯನ್ನು ಸೆರೆಗೆ ಹಾಕಿದರು. ಹದಿನೈದು ವರ್ಷದ ಹುಡುಗಿಯನ್ನು ಸರ್ ರಾಬರ್ಟ್ ಟಿರ್‌ವಿಟ್ ಎಂಬ ಅಧಿಕಾರಿ ದಿನಗಟ್ಟಲೆ ಪ್ರಶ್ನಿಸಿದ. ಬೆದರಿಸಿದ, ನಯವಾಗಿ ಮಾತನಾಡಿದ, ಬೇರೆಯವರು ಎಲ್ಲ ಒಪ್ಪಿಕೊಂಡಿದ್ದಾರೆ ಎಂದ. ಅವಳು ತಪ್ಪೊಪ್ಪಿಗೆಯ ಒಂದು ಮಾತನ್ನೂ ಆಡಲಿಲ್ಲ. ಬದಲಿಗೆ ದೊರೆಯ ಪಾಲಕನಾಗಿದ್ದ ಸಾಮರ್‌ಸೆಟ್‌ಗೆ ತಾನೇ ಪತ್ರ ಬರೆದು, ತನ್ನ ಮೇಲೆ ಹಬ್ಬಿರುವ ಸುಳ್ಳು ಸುದ್ದಿಗಳನ್ನು ಅಲ್ಲಗಳೆದು, ಬೇಕಿದ್ದರೆ ಆಸ್ಥಾನಕ್ಕೆ ಕರೆಸಿ ಎಲ್ಲರ ಮುಂದೆ ನೋಡಲಿ ಎಂದಳು. ಈಕೆಯ ಬುದ್ಧಿ ಬಲು ಚುರುಕು, ಉಪಾಯವಿಲ್ಲದೆ ಇವಳಿಂದ ಏನನ್ನೂ ಹೊರಡಿಸಲಾಗದು ಎಂದು ಟಿರ್‌ವಿಟ್ ವರದಿ ಮಾಡಬೇಕಾಯಿತು. ಸೀಮೋರ್‌ನ ತಲೆ ಉರುಳಿತು. ಅವಳದು ಉಳಿಯಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಐದು ವರ್ಷದ ಮೇಲೆ ಬಂತು. ಎಡ್ವರ್ಡ್ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡು ಅಕ್ಕ ಮೇರಿ ರಾಣಿಯಾಗಿದ್ದಳು. ಮೇರಿ ಕ್ಯಾಥೊಲಿಕ್ ಧರ್ಮನಿಷ್ಠೆ, ಎಲಿಜಬೆತ್ ಪ್ರಾಟೆಸ್ಟೆಂಟರ ಆಸೆಯ ಬೊಂಬೆ. 1554ರ ಆರಂಭದಲ್ಲಿ ವಯಟ್ ಎಂಬವನು ಮೇರಿಯ ವಿರುದ್ಧ ದಂಗೆ ಎದ್ದ. ದಂಗೆ ಮುರಿದುಬಿತ್ತು, ಅನುಮಾನ ಎಲಿಜಬೆತ್‌ಳ ಮೇಲೆ ಬಿತ್ತು. ಮಾರ್ಚ್ 17ರಂದು ಇಬ್ಬರು ಸರದಾರರು ದೋಣಿಯಲ್ಲಿ ಅವಳನ್ನು ಲಂಡನ್ ಗೋಪುರಕ್ಕೆ ಒಯ್ಯಲು ಬಂದರು. ತಾಯಿಯ ತಲೆ ಬಿದ್ದದ್ದು ಅಲ್ಲಿಯೇ. ಅಕ್ಕನಿಗೆ ಒಂದು ಪತ್ರ ಬರೆಯಲು ಅವಕಾಶ ಕೊಡಿ ಎಂದು ಎಲಿಜಬೆತ್ ಕೇಳಿದಳು. ಬರೆದು ಮುಗಿಸುವಷ್ಟರಲ್ಲಿ ಥೇಮ್ಸ್ ನದಿಯ ಉಬ್ಬರವಿಳಿತ ಬದಲಾಗಿ ದೋಣಿ ಆ ದಿನ ಹೊರಡಲಾಗಲಿಲ್ಲ. ಒಂದು ದಿನ ಸಿಕ್ಕಿತು.

ಆ ಪತ್ರವೂ ಉಳಿದಿದೆ. ಮೊದಲ ಸಾಲುಗಳು ಆಸ್ಕಮ್ ಮೆಚ್ಚಿದ ಅದೇ ಅಂದದ ಅಕ್ಷರ. ಬರಬರುತ್ತ ಕೈ ಅವಸರಪಡುತ್ತದೆ, ತಿದ್ದುಗಳು ಹೆಚ್ಚುತ್ತವೆ. ತನ್ನನ್ನು ವಿಚಾರಿಸದೆ ಶಿಕ್ಷಿಸಬಾರದು, ಒಮ್ಮೆ ಎದುರಿಗೆ ಮಾತನಾಡಲು ಬಿಡಬೇಕು ಎಂಬುದೇ ಅವಳ ಕೋರಿಕೆ. ಅದಕ್ಕೆ ಅವಳು ಕೊಟ್ಟ ಉದಾಹರಣೆ ಥಾಮಸ್ ಸೀಮೋರ್‌ನದು. ತಮ್ಮನೊಡನೆ ಮುಖಾಮುಖಿ ಮಾತನಾಡಲು ಬಿಟ್ಟಿದ್ದರೆ ಅವನನ್ನು ಸಾಯಲು ಬಿಡುತ್ತಿರಲಿಲ್ಲವೆಂದು ಸಾಮರ್‌ಸೆಟ್ ಹೇಳಿದ್ದನ್ನು ತಾನು ಕೇಳಿದ್ದೇನೆ ಎಂದು ನೆನಪಿಸಿದಳು. ಪತ್ರ ಮುಗಿದಾಗ ಎರಡನೆಯ ಪುಟದಲ್ಲಿ ಬಹಳ ಜಾಗ ಖಾಲಿ ಉಳಿದಿತ್ತು. ಯಾರಾದರೂ ಅಲ್ಲಿ ತನ್ನ ಹೆಸರಿನಲ್ಲಿ ಏನಾದರೂ ಸೇರಿಸಿಬಿಟ್ಟರೆ? ಆ ಖಾಲಿ ಜಾಗದ ತುಂಬ ಓರೆಯಾಗಿ ಗೆರೆಗಳನ್ನು ಎಳೆದು, ಕೊನೆಗೆ ಸಹಿ ಹಾಕಿದಳು. ಹನ್ನೊಂದರ ವಯಸ್ಸಿನಲ್ಲಿ ಮಾತುಗಳನ್ನು ಅಳಿಸಿ ತಿದ್ದಿ ಎಂದು ಪ್ರೀತಿಯಿಂದ ಕೇಳಿದವಳು, ಇಪ್ಪತ್ತರಲ್ಲಿ ತನ್ನ ಬರಹಕ್ಕೆ ಇನ್ನೊಬ್ಬರು ಒಂದಕ್ಷರವನ್ನೂ ಸೇರಿಸದಂತೆ ಬೇಲಿ ಹಾಕಬೇಕಾಯಿತು. ನೀಲಿ ಹೊದಿಕೆಯ ಪುಸ್ತಕವನ್ನೂ ಈ ಪತ್ರವನ್ನೂ ಜೊತೆಗಿಟ್ಟು ನೋಡಿದರೆ ನಡುವಿನ ಹತ್ತು ವರ್ಷ ಅವಳಿಗೆ ಏನು ಕಲಿಸಿತು ಎಂಬುದು ಗೊತ್ತಾಗುತ್ತದೆ.

ಮೇರಿ ಆ ಪತ್ರಕ್ಕೆ ಮಣಿಯಲಿಲ್ಲ. ಮರುದಿನ ಎಲಿಜಬೆತ್ ಗೋಪುರ ಸೇರಿದಳು. ಆದರೆ ಎಷ್ಟು ಕೆದಕಿದರೂ ಅವಳ ವಿರುದ್ಧ ಅವಳದೇ ಕೈಬರಹದ ಒಂದು ಸಾಕ್ಷಿಯೂ ಸಿಗಲಿಲ್ಲ. ಮೇ 19ರಂದು ಅವಳನ್ನು ಅಲ್ಲಿಂದ ಹೊರಗೆ ಕಳಿಸಿ ವುಡ್‌ಸ್ಟಾಕ್ ಎಂಬಲ್ಲಿ ಸುಮಾರು ಒಂದು ವರ್ಷ ಕಾವಲಿನಲ್ಲಿಟ್ಟರು. ಹದಿನೆಂಟು ವರ್ಷ ಹಿಂದೆ ತಾಯಿ ಸತ್ತದ್ದೂ ಮೇ 19ರಂದೇ. 1558ರ ನವೆಂಬರ್ 17ರಂದು ಮೇರಿ ತೀರಿಕೊಂಡಳು, ಇಪ್ಪತ್ತೈದರ ಎಲಿಜಬೆತ್ ಇಂಗ್ಲೆಂಡಿನ ರಾಣಿಯಾದಳು.

ನಲವತ್ತನಾಲ್ಕು ವರ್ಷ ಆಳಿದಳು, ಮದುವೆಯಾಗಲಿಲ್ಲ. 1588ರಲ್ಲಿ ಸ್ಪೇನಿನ ದೊಡ್ಡ ನೌಕಾಪಡೆ ಸೋತು ಚೆದುರಿದ್ದು, ಷೇಕ್ಸ್‌ಪಿಯರ್ ರಂಗಭೂಮಿಗೆ ಬಂದದ್ದು ಆಕೆಯ ಕಾಲದಲ್ಲೇ. ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ಸಿಗುತ್ತವೆ. ನಾವು ನೋಡಬೇಕಾದ್ದು ಆ ಹಳೆಯ ವಿದ್ಯೆ ರಾಣಿಯ ಕೈಯಲ್ಲಿ ಏನಾಯಿತು ಎಂಬುದನ್ನು. ವಿದೇಶಿ ರಾಯಭಾರಿಗಳೊಡನೆ ಆಕೆ ದುಭಾಷಿಯಿಲ್ಲದೆ ಮಾತನಾಡುತ್ತಿದ್ದಳು. 1597ರಲ್ಲಿ ಪೋಲೆಂಡಿನ ರಾಯಭಾರಿ ತುಂಬಿದ ಸಭೆಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗದರಿಸುವ ಧಾಟಿಯ ಭಾಷಣ ಮಾಡಿದಾಗ, 63 ವರ್ಷದ ರಾಣಿ ಯಾವ ಸಿದ್ಧತೆಯೂ ಇಲ್ಲದೆ ಅದೇ ಭಾಷೆಯಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಮುಗಿದ ಮೇಲೆ ಆಸ್ಥಾನಿಕರ ಕಡೆ ತಿರುಗಿ, ಬಹುಕಾಲದಿಂದ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ಲ್ಯಾಟಿನ್ನನ್ನು ಇವತ್ತು ಉಜ್ಜಿ ತೆಗೆಯಬೇಕಾಯಿತು ಎಂಬರ್ಥದ ಮಾತಾಡಿದಳು. ಮಲತಾಯಿಗೆ ಬರೆದ ಪತ್ರದ ತುಕ್ಕಿನ ಹೋಲಿಕೆ 53 ವರ್ಷದ ಮೇಲೂ ಆಕೆಯ ಬಾಯಲ್ಲಿತ್ತು.

ಆ ಲ್ಯಾಟಿನ್ ನಿಜವಾಗಿ ತುಕ್ಕು ಹಿಡಿದಿರಲಿಲ್ಲ. 1593ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಆಕೆ ರೋಮಿನ ದಾರ್ಶನಿಕ ಬೊಯೆಥಿಯಸ್ ಸೆರೆಮನೆಯಲ್ಲಿ ಕುಳಿತು ಬರೆದ ಗ್ರಂಥವನ್ನು ಇಂಗ್ಲಿಷಿಗೆ ತಂದಿದ್ದಳು. 1598ರಲ್ಲಿ ಪ್ಲೂಟಾರ್ಕ್ ಮತ್ತು ಹೊರೇಸರಿಂದ ಅನುವಾದಿಸಿದಳು. 2019ರಲ್ಲಿ ಲಂಡನ್ನಿನ ಲ್ಯಾಂಬೆತ್ ಅರಮನೆಯ ಗ್ರಂಥಾಲಯದಲ್ಲಿದ್ದ ಇನ್ನೊಂದು ಅನುವಾದ, ರೋಮಿನ ಇತಿಹಾಸಕಾರ ಟ್ಯಾಸಿಟಸ್‌ನದು, ಆಕೆಯದೇ ಎಂದು ವಿದ್ವಾಂಸರೊಬ್ಬರು ಗುರುತಿಸಿದರು. ಗುರುತಿಗೆ ನೆರವಾದದ್ದು ಹಾಳೆಯ ಅಂಚಿನಲ್ಲಿ ತಿದ್ದಿದ ಗೀಚು ಅಕ್ಷರ. ಬಾಲ್ಯದ ಅಂದದ ಬರಹ ರಾಜ್ಯಭಾರದ ಅವಸರದಲ್ಲಿ ಕೆಟ್ಟಿತ್ತು, ಆದರೆ ತಾನು ಬರೆದುದನ್ನು ಮತ್ತೆ ಓದಿ ತಿದ್ದುವ ಅಭ್ಯಾಸ ಬಿಟ್ಟಿರಲಿಲ್ಲ.

ವಿದ್ಯೆ ಆಕೆಯನ್ನು ಸದಾ ಒಳ್ಳೆಯವಳನ್ನಾಗಿ ಮಾಡಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆಶ್ರಯ ಬೇಡಿ ಬಂದಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಆಕೆ ಹತ್ತೊಂಬತ್ತು ವರ್ಷ ಸೆರೆಯಲ್ಲಿಟ್ಟಳು. ಮರಣದಂಡನೆ ಕೊಡಿ ಎಂದು ಪಾರ್ಲಿಮೆಂಟ್ ಒತ್ತಾಯಿಸಿದಾಗ ಉತ್ತರವಲ್ಲದ ಉತ್ತರ ಕೊಟ್ಟು ದಿನ ದೂಡಿದಳು. 1587ರ ಫೆಬ್ರವರಿ 1ರಂದು ಮರಣದಂಡನೆಯ ಆಜ್ಞೆಗೆ ಸಹಿ ಹಾಕಿ, ಶಿಕ್ಷೆ ಜಾರಿಯಾದ ಮೇಲೆ ತಪ್ಪನ್ನು ಕಾರ್ಯದರ್ಶಿ ಡೇವಿಸನ್‌ನ ಮೇಲೆ ಹೊರಿಸಿ ಅವನನ್ನು ಗೋಪುರಕ್ಕೆ ತಳ್ಳಿದಳು. ಆಫ್ರಿಕಾದ ಜನರನ್ನು ಹಿಡಿದು ಮಾರುತ್ತಿದ್ದ ಜಾನ್ ಹಾಕಿನ್ಸ್‌ನ 1564ರ ಯಾನಕ್ಕೆ ತನ್ನದೇ ಹಡಗನ್ನು ಕೊಟ್ಟಿದ್ದಳು. ತನ್ನನ್ನು ಕೇಳದೆ ಶಿಕ್ಷಿಸಬೇಡಿ ಎಂದು ಅಕ್ಕನಿಗೆ ಬರೆದ ಕೈ, ಇತರರ ಅಳಲನ್ನು ಎಲ್ಲ ವೇಳೆಯಲ್ಲೂ ಕೇಳಲಿಲ್ಲ. ಮಾತಿನ ಮೇಲೆ ಹಿಡಿತ ತಂದುಕೊಡುವ ವಿದ್ಯೆ ಪ್ರಾಣ ಕಾಯಬಲ್ಲದು, ರಾಜ್ಯ ಆಳಿಸಬಲ್ಲದು, ಹೊಣೆಯಿಂದ ನುಣುಚಿಕೊಳ್ಳುವುದನ್ನೂ ಕಲಿಸಬಲ್ಲದು. ಯಾವುದಕ್ಕೆ ಬಳಸುವುದು ಎಂಬ ಪಾಠ ಬೇರೆಯೇ ಇದೆ.

ಇನ್ನು ಆ 1600ರ ಡಿಸೆಂಬರ್ 31. ಲಂಡನ್ನಿನ ವರ್ತಕರ ಕೂಟಕ್ಕೆ ಪೂರ್ವದ ವ್ಯಾಪಾರದ ಏಕಸ್ವಾಮ್ಯವನ್ನು 15 ವರ್ಷಗಳ ಮಟ್ಟಿಗೆ ಕೊಡುವ ಸನ್ನದು ಅಂದು ಹೊರಬಿತ್ತು. ಮೆಣಸು ಮತ್ತು ಸಾಂಬಾರ ಪದಾರ್ಥ ತರಲು ಹೊರಟ ವರ್ತಕರಿಗೆ ಕೊಟ್ಟ ಆ ಅನುಮತಿ ಎಲ್ಲಿಗೆ ತಲುಪಿತು ಎಂಬುದು ಕನ್ನಡನಾಡಿನವರಾದ ನಮಗೆ ಗೊತ್ತು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯನ್ನು ಒಡೆದು ನುಗ್ಗಿದ್ದು ಅದೇ ಕಂಪನಿಯ ಸೈನ್ಯ. ಎಲಿಜಬೆತ್ ಅದನ್ನು ನೋಡಲು ಇರಲಿಲ್ಲ. 1603ರ ಮಾರ್ಚ್ 24ರಂದು ರಿಚ್‌ಮಂಡ್ ಅರಮನೆಯಲ್ಲಿ, 69ನೆಯ ವಯಸ್ಸಿನಲ್ಲಿ ಆಕೆ ಕಣ್ಣು ಮುಚ್ಚಿದಳು.

ವಿದ್ಯಾರ್ಥಿ ಮಿತ್ರರೇ, ಎಲಿಜಬೆತ್‌ಗೆ ಓದು ಸಿಕ್ಕಿದ್ದು ರಾಜನ ಮಗಳಾದ್ದರಿಂದ. ಅಂದು ಅವಳ ಅರಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳ ಮಗಳಿಗೆ ಲ್ಯಾಟಿನ್ ಕಲಿಸಲು ಯಾವ ಪಂಡಿತನೂ ಬರುತ್ತಿರಲಿಲ್ಲ. ಆ ಹುಡುಗಿಯ ಬುದ್ಧಿಯೂ ಬಳಸದೆ ಬಿಟ್ಟ ಕಬ್ಬಿಣದಂತೆ ತುಕ್ಕು ಹಿಡಿದಿರಬೇಕು. ಸರ್ಕಾರಿ ಶಾಲೆ ಎಂಬುದು ಆ ವ್ಯತ್ಯಾಸವನ್ನು ಅಳಿಸಲೆಂದೇ ಹುಟ್ಟಿದ್ದು. ಇಲ್ಲಿ ಹಾಜರಿ ಪುಸ್ತಕದಲ್ಲಿ ರಾಜನ ಮಗಳ ಹೆಸರೂ ಕೂಲಿಯವಳ ಮಗಳ ಹೆಸರೂ ಅಕಾರಾದಿಯಾಗಿ ಒಂದರ ಕೆಳಗೊಂದು ಬರುತ್ತವೆ. ಇಬ್ಬರ ನೋಟ್‌ಬುಕ್ಕಿಗೂ ಒಂದೇ ಕೆಂಪು ಶಾಯಿ. ಹನ್ನೊಂದರ ಎಲಿಜಬೆತ್ ಬೇಡಿ ಪಡೆಯಬೇಕಾದ ತಿದ್ದುಪಡಿ ನಿಮಗೆ ಕೇಳದೆಯೇ ಸಿಗುತ್ತದೆ. ಮುಂದಿನ ಸಲ ಮೇಷ್ಟ್ರು ಕೆಂಪು ಗೆರೆ ಎಳೆದ ಹಾಳೆ ಕೈಗೆ ಬಂದಾಗ ಅದನ್ನು ಮಡಚಿ ಚೀಲದೊಳಗೆ ತುರುಕುವ ಮೊದಲು, ನಿಂತು ಒಮ್ಮೆ ಓದಿ ನೋಡಿ.